ಸಾಗರದಲ್ಲಿ ವಿಚಾರಿಸಿದ್ದು

ಊರಿನ ಹೆಸರೇ ಸಾಗರ.
ಉಪ್ಪು ಮಾತ್ರ ಅಂಗಡಿಯಿಂದಲೇ ತರಬೇಕು.
ಮಾರ್ಕೆಟ್ ರಸ್ತೆಯ ಮಹಡಿ ಮೇಲಿನ ಟ್ರಾವೆಲ್ಸಿನಲ್ಲಿ
ಫರ್ಹಾನಾ ಎಂಬ ಹುಡುಗಿ
ಎರಡು ಹಡಗು ಮೇಜಿನ ಮೇಲೆ ಹರಡಿದಳು.
ಒಂದು ನದಿಯದು, ಇನ್ನೊಂದು ಸಮುದ್ರದ್ದು.
ಚೀಟಿ ದುಡ್ಡು ಗುತ್ಯಮ್ಮನ ಚೀಲದಲ್ಲಿ,
ಚೀಲ ಅವಳ ಮಡಿಲಲ್ಲಿ,
ಎರಡೂ ಕೈ ಚೀಲದ ಮೇಲೆ.

‘ನದಿಯಾದರೆ ಕಾಶಿಯಿಂದ ಕೆಳಗೆ, ಐದು ರಾತ್ರಿ,
ಎರಡೂ ದಡ ಕಾಣುತ್ತೆ ಅಂಕಲ್.
ಸಮುದ್ರವಾದರೆ ಮುಂಬಯಿಯಿಂದ, ನಾಲ್ಕು ರಾತ್ರಿ,
ಸುತ್ತ ನೀರೇ ನೀರು. ಕೆಲವರಿಗೆ ಹೊಟ್ಟೆ ತೊಳೆಸುತ್ತೆ.
ಮೊದಲು ಯಾವಾಗಾದರೂ ದೋಣಿ ಹತ್ತಿದ್ದೀರಾ?’

ಗುತ್ಯಮ್ಮ ನನ್ನ ಮುಖ ನೋಡಿದಳು.
ನಾನು ಫ್ಯಾನು ನೋಡಿದೆ.

ಇಪ್ಪತ್ತೊಂಬತ್ತು ವರ್ಷ, ಮಗಳೇ,
ಹೊಳೆಬಾಗಿಲ ಲಾಂಚಿನ ಮೇಲೆ ಬಸ್ಸಿಗೆ ಎದುರಾಗಿ ನಿಂತು
ಬಾ, ಬಾ, ಬಾ, ಸಾಕು ಎಂದವನು ನಾನು.
ಜೀಪು ಎಡಕ್ಕೆ, ಬೈಕು ಸಂದಿಗೆ,
ಮದುವೆ ದಿಬ್ಬಣ ಬಂದರೆ ಅರ್ಧ ಜನ ಆ ಕಡೆ.
ತೂಕ ತಪ್ಪಿದರೆ ನೀರು ಯಾರ ನೆಂಟ?
ಆದರೂ ಹೇಳಲಿಲ್ಲ.
ಹೇಳಿದರೆ ಹೊಳೆ ಬಲ್ಲವನು ಅಂದುಕೊಳ್ಳುತ್ತಾಳೆ.
ನಾನು ಕಂಡದ್ದು ಹಿನ್ನೀರು,
ಕಟ್ಟೆಗೆ ತಾಗಿ ಹಿಂದೆ ಬಂದು ಕೂತ ನೀರು.
ಮಳೆಗೆ ಏರುತ್ತೆ, ಬೇಸಗೆಗೆ ಇಳಿಯುತ್ತೆ,
ಎಲ್ಲಿಗೂ ಹೋದ ಹಾಗೆ ಕಾಣುವುದಿಲ್ಲ.
ನಾನೂ ಅದರ ಅಡ್ಡಕ್ಕೆ ಹೋದೆ, ಅಡ್ಡಕ್ಕೆ ಬಂದೆ,
ಉದ್ದಕ್ಕೆ ಹೋದವನಲ್ಲ.
ಹೊಳೆ ದಾಟಿದ ಮೇಲೆ ಅಂಬಿಗ ಬೇಡ ಅನ್ನುವುದು ಹಳೆಯ ಮಾತು.
ಈಗ ಸೇತುವೆ ಇದೆ, ದಾಟುವ ಮೊದಲೂ ಬೇಡ.

ಅದಕ್ಕೇ ನದಿಯ ಮೇಲೆ ಮನಸ್ಸು.
ಒಂದು ಸಲವಾದರೂ ನೀರು ಹೋಗುವ ಕಡೆಗೇ
ಹೋಗಿ ನೋಡಬೇಕು ಅಂತ.
ಸಮುದ್ರದ ಚಿತ್ರ ಬೇರೆಯೇ ದಿಗಿಲು ಹುಟ್ಟಿಸಿತು:
ಹನ್ನೊಂದು ಅಂತಸ್ತು.
ಊಟದ ಗಂಟೆಗೆ ಎಲ್ಲರೂ ಒಂದೇ ಮಗ್ಗುಲಿಗೆ ನುಗ್ಗಿದರೆ
ಸಾಕು ಅನ್ನುವವರು ಯಾರು?
ಕೇಳಿಯೇಬಿಟ್ಟೆ. ಹುಡುಗಿ ನಕ್ಕಳು.
‘ಅದಕ್ಕೆಲ್ಲ ಕಂಪ್ಯೂಟರ್ ಇರುತ್ತೆ ಅಂಕಲ್.’

‘ಕಾಶಿಗೆ ಹೋದರೆ ಇಷ್ಟದ್ದು ಏನಾದರೂ ಬಿಟ್ಟು ಬರಬೇಕು,’
ಗುತ್ಯಮ್ಮ ಮೊದಲ ಸಲ ಬಾಯಿ ತೆರೆದಳು,
‘ಕಳಲೆ ಪಲ್ಯ ಬಿಡಕ್ಕೆ ನನ್ನ ಕೈಲಾಗಲ್ಲ.’
ಆಮೇಲೆ, ಪುಟ ತಿರುಗಿಸದೆ,
‘ಈ ಹೊಳೆ ಹಡಗು ರಾತ್ರಿ ಏನು ಮಾಡತ್ತೆ?’
‘ದಿನಾ ಸಂಜೆ ದಡಕ್ಕೆ ಕಟ್ತಾರೆ ಆಂಟಿ.’
‘ಹಂಗಾರೆ ಬ್ಯಾಡ.
ಹಗ್ಗ ಎಸೆಯೋ ಸದ್ದಿಗೆ ಇವರು ಎದ್ದು ಓಡ್ತಾರೆ.
ಐದು ರಾತ್ರಿನೂ ಡ್ಯೂಟಿ.’

ಸೌತೆಕಾಯಿ ಸೀಳಿ ಉಪ್ಪುಖಾರ ಸವರುತ್ತ
ಅವಳು ದಡದಲ್ಲಿ ಕೂತು ಇಷ್ಟು ವರ್ಷ ನೋಡಿದ್ದು
ದೂರ ಹೋಗುವ ನನ್ನ ಬೆನ್ನು,
ಹತ್ತಿರ ಬಂದಾಗ ಹಗ್ಗ ಹಿಡಿದ ಕೈ.
ಎಂದಾದರೂ ಲಾಂಚು ಹತ್ತಿದರೆ
ನಾನು ಬಸ್ಸಿನ ಮುಂದೆ,
ಅವಳು ಹೆಂಗಸರ ನಡುವೆ, ಬುಟ್ಟಿಯ ಹಿಂದೆ.

‘ಸಮುದ್ರದಲ್ಲಿ ದಡವೇ ಇಲ್ಲವಲ್ಲೇ,’ ಎಂದೆ.
‘ಅದಕ್ಕೇ,’ ಎಂದು ಚೀಲದ ಜಿಪ್ಪು ಎಳೆದಳು.

ರಸೀದಿಯಲ್ಲಿ ಕೆರಿಯಪ್ಪ ಹೋಗಿ ಕರಿಯಪ್ಪ ಆಗಿತ್ತು.
ತಿದ್ದಿಸುವಷ್ಟರಲ್ಲಿ ನಾಲ್ಕರ ಬಸ್ಸು ತಪ್ಪಿತು.

ಐದೂವರೆಯ ತುಮರಿ ಬಸ್ಸಿಗೆ ಸೀಟು ಸಿಕ್ಕಿತು.
ಸೇತುವೆ ಬಂದಾಗ ಡ್ರೈವರ್ ಗೇರು ಸಹ ಬದಲಿಸಲಿಲ್ಲ.
ಕೆಳಗೆ ದಡಕ್ಕೆ ಕಟ್ಟಿದ ಲಾಂಚು.
ಗಂಟು ಯಾರು ಹಾಕಿದರೋ,
ಇಲ್ಲಿಂದಲೇ ಸಡಿಲ ಕಾಣುತ್ತಿತ್ತು.
ಜನವೆಲ್ಲ ಎಡ ಕಿಟಕಿಗೆ ಬಾಗಿ ಫೋಟೋ ತೆಗೆಯುವಾಗ
ನಾನೊಬ್ಬ ಬಲಕ್ಕೆ ವಾಲಿ ಕೂತಿದ್ದೆ,
ಮುಂದಿನ ಸೀಟಿನ ಸರಳು ಬಿಗಿಹಿಡಿದು.
ಗುತ್ಯಮ್ಮ ನನ್ನ ಬೆರಳು ಒಂದೊಂದೇ ಬಿಡಿಸಿದಳು.
‘ಬಿಡಿ,’ ಎಂದಳು, ‘ಇದು ತೇಲ್ತಾ ಇಲ್ಲ.’